ತಾರಸಿಯ ಬಿಸಿಲು
ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಪಾದರಸ 35 ಡಿಗ್ರಿ ಮುಟ್ಟಿದರೆ ಸಾಕು, ಸೆಕೆಯದೇ ಮಾತು. ರಾಯಚೂರಿನವರಿಗೆ ಇದು ತಮಾಷೆ. ಆದರೆ 2016ರ ಏಪ್ರಿಲ್‌ನಲ್ಲಿ ಇಲ್ಲಿಯೂ 39.2 ಡಿಗ್ರಿ ದಾಖಲಾಗಿತ್ತು. ಜಯನಗರ, ಬನಶಂಕರಿಯ ಹಳೆಯ ಮನೆಗಳಲ್ಲಿ ಬಿಸಿಲನ್ನು ದಂಡ ಮಾಡುವುದಿಲ್ಲ: ತಾರಸಿಯಲ್ಲಿ ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತಾರೆ, ಹಪ್ಪಳ ಒಣಗಿಸುತ್ತಾರೆ, ಕಾಗೆ ಓಡಿಸುವ ಕೆಲಸ ರಜೆಯ ಮಕ್ಕಳದು. ಕಾಗೆಗಿಂತ ಹೆಚ್ಚು ಹಸಿ ಸಂಡಿಗೆ ತಿನ್ನುವವರೂ ಅವರೇ. ರಾಮನವಮಿಗೆ ಬೀದಿಬೀದಿಯಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ. ಬಿಟಿಎಂ ಲೇಔಟಿನ ಪಿಜಿ ಹುಡುಗರಿಗೆ ಈ ಭಾಗ್ಯ ಕಡಿಮೆ. ಎಳನೀರು ಗಾಡಿ, ಕಬ್ಬಿನ ಹಾಲು, ಆಫೀಸಿನ ಏಸಿಯೇ ಗತಿ. ಸಂಜೆ ಮಳೆ ಬಿದ್ದರೆ ಮರದ ಕೊಂಬೆ ಮುರಿಯುತ್ತದೆ, ಕರೆಂಟು ಹೋಗುತ್ತದೆ. ಆ ಒಂದು ದಿನ ಯಾರೂ ಅಷ್ಟಾಗಿ ಬಯ್ಯುವುದಿಲ್ಲ.