ರೋಗಿಯ ಪಕ್ಷದಲ್ಲಿ ನಿಲ್ಲುವವರು

ಕೊಡಗಿನ ಕಾಫಿ ತೋಟದ ಲೈನ್‌ಮನೆಯಲ್ಲಿ ವಾಸಿಸುವ ಕೂಲಿಕಾರನಿಗೆ ಹೃದ್ರೋಗವೋ ಕ್ಯಾನ್ಸರೋ ಇದೆಯೆಂದು ತಿಳಿದುಬಂದರೆ, ಅವನ ಕಷ್ಟ ರೋಗವೊಂದಕ್ಕೇ ಮುಗಿಯುವುದಿಲ್ಲ. 2016ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತಾದರೂ, ವಿಶೇಷ ಚಿಕಿತ್ಸೆಗೆ ಅನೇಕರು ಇಂದಿಗೂ ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗುತ್ತದೆ. ಜಿಲ್ಲೆಯಲ್ಲಿ ರೈಲುಮಾರ್ಗವಿಲ್ಲ, ಬಡವನಿಗೆ ಬಸ್ಸೇ ಗತಿ. ಜೊತೆಗೆ ಹೋದ ಹೆಂಡತಿಯ ದಿನಗೂಲಿಯೂ ನಿಲ್ಲುತ್ತದೆ.

ಧನಸಹಾಯವಿಲ್ಲವೆಂದಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಕಲ್ಪಿಸಲಾಯಿತು. ಆದರೆ ಪಡಿತರ ಚೀಟಿ ಬೇಕು. ತುರ್ತು ಸಂದರ್ಭವಲ್ಲದಿದ್ದರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ತನ್ನದೇ ಭಾಷೆಯನ್ನಾಡುವ ಎರವರ ಹಾಡಿಯ ತಾಯಿಯೊಬ್ಬಳಿಗೆ ಯಾವ ಕಿಟಕಿಯ ಮುಂದೆ ನಿಲ್ಲಬೇಕೆಂಬುದೇ ತಿಳಿಯದೆ ಹೋಗಬಹುದು. ವೈದ್ಯರು ಅವಸರದಲ್ಲಿ ಹೇಳಿದ್ದನ್ನು ಆಕೆಗೆ ತಿಳಿಯಹೇಳಿ, ಆಕೆ ಹೇಳಲಾರದ್ದನ್ನು ವೈದ್ಯರಿಗೆ ಮುಟ್ಟಿಸಿ, ಕಾಗದಪತ್ರಗಳನ್ನು ಸರಿಪಡಿಸಿಕೊಡುವುದು ವೈದ್ಯಕೀಯ ಸಮಾಜ ಕಾರ್ಯಕರ್ತೆಯ ಕೆಲಸ.

ಈ ವೃತ್ತಿಯ ಹುಟ್ಟು ವಿಚಿತ್ರವಾದುದು. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯು ಮೇರಿ ಸ್ಟೀವರ್ಟ್ ಎಂಬಾಕೆಯನ್ನು ನೇಮಿಸಿಕೊಂಡದ್ದು, ಹಣವುಳ್ಳವರು ಉಚಿತ ಚಿಕಿತ್ಸೆ ಪಡೆಯದಂತೆ ಕಾವಲಿರಲು! ದಾನದ ಲೆಕ್ಕ ಬಲ್ಲವರಿಗೆ ಈ ಆತಂಕ ಹೊಸದಲ್ಲ. ಬಾಗಿಲು ಕಾಯುವ ಆ ಹುದ್ದೆಯೇ ಕ್ರಮೇಣ ನೆರವಿನ ಹುದ್ದೆಯಾಯಿತು. ಮನೆಯ ಸ್ಥಿತಿ ಅರಿಯದೆ ಕೊಟ್ಟ ಔಷಧ ವ್ಯರ್ಥವೆಂದು ಕಂಡುಕೊಂಡ ಡಾ. ರಿಚರ್ಡ್ ಕ್ಯಾಬಟ್ 1905ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಇದನ್ನು ಆರಂಭಿಸಿದರು. ಅಲ್ಲಿಯೇ ಐಡಾ ಕ್ಯಾನನ್ 1945ರವರೆಗೆ ದುಡಿದರು. ಭಾರತದಲ್ಲಿ 1946ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಮೊದಲ ನೇಮಕವಾಯಿತು. 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಸಮಾಜಕಾರ್ಯ ವಿದ್ಯಾಲಯ ತಲೆಯೆತ್ತಿತು.

ಸಂಬಳ ಕೊಡುವುದು ಆಸ್ಪತ್ರೆ, ನಿಲ್ಲಬೇಕಾದುದು ರೋಗಿಯ ಪಕ್ಷದಲ್ಲಿ. ಹಾಸಿಗೆ ತೆರವಾಗಲೆಂದು ಆಡಳಿತ ಅವಸರಪಡಿಸುವಾಗ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಹೇಳುವ ಧೈರ್ಯ ಆಕೆಗಿರಬೇಕು. ಕುಟುಂಬದೊಡನೆ ವ್ಯವಹಾರ ಇನ್ನೂ ಸೂಕ್ಷ್ಮ. ತಂದೆಗೆ ರೋಗದ ಹೆಸರು ಹೇಳಬೇಡಿರೆಂದು ಮಕ್ಕಳು ಕೈಮುಗಿಯುತ್ತಾರೆ. ಅದು ಪ್ರೀತಿಯೇ ಸರಿ. ಆದರೂ ದೇಹ ಅವನದು, ಅದರ ಸತ್ಯ ತಿಳಿಯುವ ಹಕ್ಕೂ ಮೊದಲು ಅವನದೇ. ಸತ್ಯವನ್ನು ಹಿಂಸೆಯಾಗದಂತೆ ನುಡಿಯುವುದು ಎಷ್ಟು ಕಷ್ಟವೆಂಬುದು ಅಣುವ್ರತಗಳನ್ನು ಬಲ್ಲವರಿಗೆ ಗೊತ್ತು. ಈಕೆಗೆ ಅದು ದಿನದ ಕೆಲಸ. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೂ ತನ್ನ ಪ್ರತಿನಿಧಿಯನ್ನು ತಾನೇ ಆರಿಸುವ ಅಧಿಕಾರವನ್ನು ರೋಗಿಗೆ ಕೊಟ್ಟಿದೆ. ಆ ಪ್ರತಿನಿಧಿ ಬಂಧುವೇ ಆಗಿರಬೇಕೆಂದಿಲ್ಲ.

ಔಷಧದಾನ ಮಾಡುವ ಟ್ರಸ್ಟುಗಳು ಹಾಸಿಗೆ, ಯಂತ್ರ, ಆಂಬ್ಯುಲೆನ್ಸ್‌ಗಳನ್ನು ಕೊಡುತ್ತವೆ. ಅವುಗಳ ಮೇಲೆ ದಾನಿಯ ಹೆಸರು ಬರೆಸಬಹುದು. ಇಂಥ ಕಾರ್ಯಕರ್ತೆಯೊಬ್ಬಳ ಸಂಬಳಕ್ಕೆ ಫಲಕ ಹಾಕಲಾಗದು. ಬಹುಶಃ ಅದಕ್ಕೇ ದಾನಿಗಳು ವಿರಳ. ಆದರೆ ಶಸ್ತ್ರಚಿಕಿತ್ಸೆಯಾಗಿ ಊರಿಗೆ ಮರಳಿದವನು ಮರುಪರೀಕ್ಷೆಗೆ ಬಾರದಿದ್ದರೆ, ತೋಟದ ರೈಟರಿಗೆ ಫೋನು ಮಾಡಿ ವಿಚಾರಿಸುವವಳು ಆಕೆಯೇ. ಎಷ್ಟೋ ಸಲ ಕಾರಣ ಬಸ್ಸಿನ ಛಾರ್ಜು ಮಾತ್ರವಾಗಿರುತ್ತದೆ.