ಮನುವಿಗೆ ಒಂದೇ ಮೀನು

ಮತ್ಸ್ಯಾವತಾರದ ಕಥೆ ಎಲ್ಲರೂ ಬಲ್ಲದ್ದೇ. ಅರ್ಘ್ಯ ಕೊಡಲೆಂದು ಮನು ಬೊಗಸೆಯಲ್ಲಿ ನೀರು ತುಂಬಿಕೊಂಡ. ಅದರಲ್ಲಿ ಪುಟ್ಟದೊಂದು ಮೀನು. ‘ದೊಡ್ಡ ಮೀನುಗಳು ನನ್ನನ್ನು ನುಂಗಿಬಿಡುತ್ತವೆ, ಕಾಪಾಡು’ ಎಂದು ಅದು ಬೇಡಿಕೊಂಡಿತು. ಆತ ಕಮಂಡಲುವಿನಲ್ಲಿಟ್ಟ. ಬೆಳಗಾಗುವಷ್ಟರಲ್ಲಿ ಕಮಂಡಲು ಸಾಲದೆ ಹೋಯಿತು. ಹರವಿಗೆ ಬಿಟ್ಟ, ಬಾವಿಗೆ ಬಿಟ್ಟ, ಕೆರೆಗೆ ಬಿಟ್ಟ, ಗಂಗೆಗೆ ಬಿಟ್ಟ. ಕೊನೆಗೆ ಕಡಲೇ ಬೇಕಾಯಿತು. ಹರಿಕಥೆಯಲ್ಲಿ ಈ ಭಾಗ ಬಂದಾಗ ಸುತ್ತಲಿನವರು ಭಗವಂತನ ಮಹಿಮೆಗೆ ಕೈಮುಗಿಯುತ್ತಾರೆ. ನನಗೆ ಮಾತ್ರ ಮನುವನ್ನು ನೆನೆದು ಅಯ್ಯೋ ಎನಿಸುತ್ತದೆ. ಮೀನು ಹಿಡಿದುಕೊಂಡು ಪಾತ್ರೆ ಹುಡುಕುತ್ತ ಅಲೆಯುವುದೆಂದರೇನೆಂದು ನಾನು ಬಲ್ಲೆ. ಆದರೂ ಆತ ಪುಣ್ಯವಂತ. ಅವನಿಗಿದ್ದದ್ದು ಒಂದೇ ಮೀನು.

ನಮ್ಮದು ಈರುಳ್ಳಿ ಹೆಚ್ಚುವುದಕ್ಕೂ ಪಂಚಾಂಗ ನೋಡುವ ಮನೆ. ಅಂಥ ಮನೆಯ ನಡುಮನೆಯಲ್ಲಿ ಗಾಜಿನ ತೊಟ್ಟಿಗಳ ಸಾಲು ಕಂಡವರು ಮೊದಲು ಕೇಳುವ ಪ್ರಶ್ನೆ: ‘ಏನು ಸ್ವಾಮಿ, ಸಾರಿಗೋ, ಹುರಿಯುವುದಕ್ಕೋ?’ ಈ ಹಾಸ್ಯವನ್ನು ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಹೇಳಿದವರೆಲ್ಲರೂ ಅದು ತಮಗೇ ಮೊದಲು ಹೊಳೆದದ್ದೆಂಬ ಸಂತೋಷದಲ್ಲಿ ನಗುತ್ತಾರೆ, ನಾನೂ ನಗುತ್ತೇನೆ. ಗೃಹಸ್ಥನ ಕರ್ತವ್ಯಗಳಲ್ಲಿ ಅದೂ ಒಂದು.

ಮೀನು ಸಾಕುವುದು ಬೇರೆ, ಮರಿ ಮಾಡಿಸುವುದು ಬೇರೆ. ಗಪ್ಪಿಯ ಮಾತು ಬಿಡಿ. ಟ್ರಿನಿಡಾಡ್ ದ್ವೀಪದಿಂದ ಈ ಮೀನನ್ನು ಲಂಡನ್ನಿಗೆ ಕಳುಹಿಸಿಕೊಟ್ಟ ರಾಬರ್ಟ್ ಗಪ್ಪಿ ಎಂಬ ಮಹನೀಯನ ಹೆಸರನ್ನು 1866ರಲ್ಲಿ ಅಲ್ಲಿನ ಪಂಡಿತರೊಬ್ಬರು ಅದಕ್ಕೆ ಇಟ್ಟರು. ಅದು ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿಯನ್ನೇ ಹಾಕುತ್ತದೆ, ತಿಂಗಳಿಗೊಮ್ಮೆ ಹಾಕುತ್ತದೆ, ಬೇಡವೆಂದರೂ ಹಾಕುತ್ತದೆ. ‘ನಾನು ಗಪ್ಪಿಯನ್ನು ಮರಿ ಮಾಡಿಸಿದೆ’ ಎನ್ನುವುದು ‘ನಾನು ಮಳೆ ಬರಿಸಿದೆ’ ಎಂದಂತೆ. ಸಾಕುವವನ ತಾಳ್ಮೆಯ ಪರೀಕ್ಷೆ ಫೈಟರ್ ಮೀನಿನಲ್ಲಿದೆ.

ಇದು ಸಯಾಂ ದೇಶದ, ಎಂದರೆ ಈಗಿನ ಥೈಲೆಂಡಿನ, ಗದ್ದೆಬಯಲಿನ ಮೀನು. ಆ ಜನ ‘ಪ್ಲಾ ಕಟ್’ ಎನ್ನುತ್ತಾರೆ. ಕಚ್ಚುವ ಮೀನು ಎಂದರ್ಥ. ಯೂರೋಪಿನ ವಿದ್ವಾಂಸರು 1849ರಲ್ಲಿ ಇದಕ್ಕೊಂದು ಹೆಸರಿಟ್ಟರು. ಆ ಹೆಸರು ಇನ್ನೊಂದು ಮೀನಿಗೆ ಸೇರಿದ್ದೆಂದು ಕಂಡು 1910ರಲ್ಲಿ ರೇಗನ್ ಎಂಬಾತ ‘ಬೆಟ್ಟಾ ಸ್ಪ್ಲೆಂಡೆನ್ಸ್’ ಎಂದು ಬದಲಿಸಿದ. ಎರಡಂಗುಲದ ಮೀನಿಗೆ ಬೆಟ್ಟವೆಂಬ ಹೆಸರು! ಕನ್ನಡಿಗನಿಗೆ ಮಾತ್ರ ಸಿಗುವ ಈ ಸಂತೋಷವನ್ನು ನಾನು ಸಿಕ್ಕವರಿಗೆಲ್ಲ ಹಂಚಿದ್ದೇನೆ. 2019ರಲ್ಲಿ ಥೈಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು.

ಕಿವಿರಿನ ಮೇಲ್ಗಡೆ ಈ ಮೀನಿಗೆ ಮಡಿಕೆಮಡಿಕೆಯಾದ ಒಂದು ಅವಯವವುಂಟು. ಮೇಲೆ ಬಂದು ಬಾಯಿತುಂಬ ಗಾಳಿ ಹೀರಿ ಅದರಿಂದ ಉಸಿರಾಡುತ್ತದೆ. ಬೇರೆ ಮೀನು ಸಾಯುವಂಥ ಕೆಸರುನೀರಿನಲ್ಲೂ ಇದು ಬದುಕಿಕೊಳ್ಳುವುದು ಅದರಿಂದಲೇ. ಈ ಒಂದು ಗುಣವೇ ಅದರ ಪಾಲಿಗೆ ಶಾಪವಾಯಿತು. ‘ಲೋಟದಲ್ಲಿಟ್ಟರೂ ಇರುತ್ತೆ ಸಾರ್’ ಎಂದು ಅಂಗಡಿಯವರು ಮಾರುತ್ತಾರೆ. ಇರುತ್ತದೆ, ನಿಜ. ರೈಲಿನ ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತು ನಾವೂ ಅರಸೀಕೆರೆಯವರೆಗೆ ಇರುತ್ತೇವೆ.

ಬೆಂಗಳೂರಿನ ಮಾರ್ಗಶಿರದ ಚಳಿ ಇದಕ್ಕೆ ಆಗದು. ಯುಗಾದಿ ಕಳೆದು ನೀರು ತಾನಾಗಿ ಬೆಚ್ಚಗಾದ ಮೇಲೆ ನಮ್ಮ ಮನೆಯಲ್ಲಿ ಮುಹೂರ್ತ. ನಲ್ಲಿಯ ನೀರನ್ನು ಕ್ಲೋರಿನ್ ಹೋಗಲೆಂದು ಹಿಂದಿನ ದಿನವೇ ಹಿಡಿದಿಟ್ಟು, ತೊಟ್ಟಿಯಲ್ಲಿ ಒಂದು ಗೇಣಿಗೂ ಕಡಿಮೆ ತುಂಬಬೇಕು. ಬೀದಿಯ ಬಾದಾಮಿ ಮರದ ಒಣಗಿದ ಎಲೆಯೊಂದನ್ನು ತೊಳೆದು ತೇಲಬಿಟ್ಟರೆ ನೀರಿಗೆ ತಿಳಿ ಚಹದ ಬಣ್ಣ ಬರುತ್ತದೆ. ಮೀನಿಗೆ ಅದು ಹಿತ. ಗಂಡನ್ನು ತೊಟ್ಟಿಗೆ ಬಿಟ್ಟು, ಹೆಣ್ಣನ್ನು ನಡುವೆ ಲಾಂದ್ರದ ಗಾಜಿನೊಳಗೆ ಇಡಬೇಕು. ಒಮ್ಮೆಗೇ ಬಿಟ್ಟರೆ ಗಂಡು ಅವಳನ್ನು ಹರಿದುಹಾಕೀತು. ಗಾಜಿನ ಒಳಗಿಂದ ಅವಳು ನೋಡುತ್ತಾಳೆ, ಹೊರಗಿಂದ ಅವನು ರೆಕ್ಕೆ ಬಿಚ್ಚಿ ಮೆರೆಯುತ್ತಾನೆ. ನಡುನಡುವೆ ಮೇಲೆ ಹೋಗಿ ಎಲೆಯ ಅಡಿಯಲ್ಲಿ ಗುಳ್ಳೆಯ ಮೇಲೆ ಗುಳ್ಳೆ ಬಿಟ್ಟು ನೊರೆಯ ಗೂಡು ಕಟ್ಟುತ್ತಾನೆ. ಮನೆ ಸಿದ್ಧವಾಗಿ, ಅವಳ ಮೈಮೇಲೆ ಅಡ್ಡಕ್ಕಲ್ಲದೆ ಉದ್ದಕ್ಕೆ, ಬೆನ್ನಿನಿಂದ ಹೊಟ್ಟೆಗೆ ಪಟ್ಟೆಗಳೆದ್ದರೆ, ಗಾಜನ್ನು ಮೆಲ್ಲನೆ ಎತ್ತಬಹುದು.

ಆಮೇಲಿನದನ್ನು ಮೊದಲ ಸಲ ನೋಡಿದ ದಿನ ನಾನು ಊಟಕ್ಕೆ ಏಳಲಿಲ್ಲ. ಗಂಡು ಬಿಲ್ಲಿನಂತೆ ಬಾಗಿ ಅವಳನ್ನು ಸುತ್ತಿಕೊಳ್ಳುತ್ತದೆ. ಇಬ್ಬರೂ ಒಂದು ಕ್ಷಣ ನಿಶ್ಚಲ. ಗಸಗಸೆಯಷ್ಟು ಬಿಳಿಯ ಮೊಟ್ಟೆಗಳು ಉದುರುತ್ತವೆ. ಅವನು ತಟ್ಟನೆ ಬಿಡಿಸಿಕೊಂಡು, ತಳ ಮುಟ್ಟುವ ಮೊದಲೇ ಒಂದೊಂದನ್ನೂ ಬಾಯಲ್ಲಿ ಆಯ್ದು, ಮೇಲೊಯ್ದು ನೊರೆಗೆ ಅಂಟಿಸುತ್ತಾನೆ. ಹೀಗೆ ಗಂಟೆಗಟ್ಟಲೆ. ಎಲ್ಲ ಮುಗಿದ ಮೇಲೆ ಅವಳನ್ನು ಹತ್ತಿರ ಸೇರಿಸುವುದಿಲ್ಲ. ನಾವೂ ಅವಳನ್ನು ಕೂಡಲೆ ತೆಗೆಯಬೇಕು, ಮೊಟ್ಟೆ ತಿಂದಾಳು. ಬಾಣಂತನವೆಲ್ಲ ಅಪ್ಪನದೇ. ಅನ್ನ ನೀರಿಲ್ಲದೆ ಗೂಡಿನ ಕೆಳಗೆ ಕಾವಲು. ಒಂದೂವರೆ ಎರಡು ದಿನಕ್ಕೆ ಮೊಟ್ಟೆ ಒಡೆದು, ಮರಿಗಳು ಬಾಲ ಕೆಳಗೆ ಮಾಡಿ ನೊರೆಯಿಂದ ಜೋತಾಡುತ್ತವೆ. ಒಂದು ಜಾರಿ ಬೀಳುತ್ತದೆ. ಅವನು ಹಿಡಿದು ಮೇಲಕ್ಕೆ ಉಗುಳುತ್ತಾನೆ. ಅಷ್ಟರಲ್ಲಿ ಎರಡು ಬೀಳುತ್ತವೆ.

ಅಂಥ ಒಂದು ರಾತ್ರಿ ಕರೆಂಟು ಹೋಯಿತು. ಕತ್ತಲಲ್ಲಿ ಬಿದ್ದ ಮರಿ ಅವನಿಗೆ ಕಾಣುವುದು ಹೇಗೆ? ಆ ವಸಂತವೆಲ್ಲ ನನ್ನ ಮೇಲೆ ಮುನಿಸಿಕೊಂಡಿದ್ದ ನನ್ನಾಕೆ ಎದ್ದು ಬಂದಳು. ಹೆಣ್ಣುಮೀನಿನ ಸೆರೆಮನೆಯಾಗಿದ್ದ ಗಾಜನ್ನು ತೊಳೆದು ಒರೆಸಿ, ಲಾಂದ್ರಕ್ಕೆ ಸಿಕ್ಕಿಸಿ, ಹಚ್ಚಿ, ತೊಟ್ಟಿಯ ಪಕ್ಕದಲ್ಲಿಟ್ಟು ಕುಳಿತಳು. ಬಹಳ ಹೊತ್ತಿನ ಮೇಲೆ, ‘ನಮ್ಮ ಇಬ್ಬರು ಮಕ್ಕಳಿಗೆ ನೀವು ಒಂದು ದಿನ ಹಾಲು ಕಲಸಿ ಕೊಟ್ಟವರಲ್ಲ’ ಎಂದಳು. ಮೀನನ್ನು ನೋಡಿಕೊಂಡೇ ಹೇಳಿದಳಾದ್ದರಿಂದ ನಾನು ಉತ್ತರಿಸುವ ಅಗತ್ಯ ಬರಲಿಲ್ಲ.

ಮರಿಗಳು ಅಡ್ಡಲಾಗಿ ಈಜತೊಡಗಿದ ದಿನ ಅಪ್ಪನನ್ನೂ ಬಲೆ ಹಾಕಿ ಎತ್ತಬೇಕು. ಇಲ್ಲವಾದರೆ ಕಾದವನೇ ತಿನ್ನುತ್ತಾನೆ. ಎಲ್ಲಿಯವರೆಗೆ ಮಗು, ಎಲ್ಲಿಂದ ಆಹಾರ ಎಂಬ ಗೆರೆ ಆ ಪುಟ್ಟ ತಲೆಯಲ್ಲಿ ಎಲ್ಲಿದೆಯೋ!

ಆದರೆ ತಿನ್ನಿಸುವ ನಾನು ಆ ಪ್ರಶ್ನೆ ಕೇಳುವ ಹಾಗಿಲ್ಲ. ಮೊದಲ ದಿನಗಳಲ್ಲಿ ಮರಿಗಳಿಗೆ ಹುಲ್ಲು ಕೊಳೆಹಾಕಿದ ನೀರಿನ ಸೂಕ್ಷ್ಮಜೀವಿಗಳು, ಆಮೇಲೆ ಆರ್ಟೀಮಿಯಾ. ಇದು ಉಪ್ಪುನೀರಿನ ಸೀಗಡಿಯ ಬಳಗದ್ದು. ಮೊಟ್ಟೆ ಡಬ್ಬಿಯಲ್ಲಿ ಕಾಫಿಪುಡಿಯಂತೆ ಬರುತ್ತದೆ, ಉಪ್ಪುನೀರಿನಲ್ಲಿ ಒಂದು ದಿನ ಇಟ್ಟರೆ ಸಾವಿರ ಸಾವಿರ ಜೀವ ಏಳುತ್ತದೆ. ಏಕಾದಶಿಯ ದಿನ ಅವಳು ಒಳಗೆ ಉಪವಾಸ, ನಾನು ಹೊರಗೆ ಜೀವರಾಶಿಯನ್ನು ಚಮಚದಲ್ಲಿ ಅಳೆದು ಬಡಿಸುವುದು. ದೊಡ್ಡ ಮೀನುಗಳಿಗೆ ಸೊಳ್ಳೆಯ ಮರಿ ಬೇಕು. ಅದಕ್ಕಾಗಿ ಚಹ ಸೋಸುವ ಜರಡಿ ಹಿಡಿದು ನೆರೆಯವರ ಹೂಕುಂಡ, ಒಡಕು ಬಕೆಟ್ಟುಗಳನ್ನೆಲ್ಲ ಸೋಸುತ್ತೇನೆ. ಒಮ್ಮೆ ಡೆಂಗ್ಯೂ ಸಮೀಕ್ಷೆಗೆಂದು ಬಂದ ಹೆಣ್ಣುಮಗಳು ಇದನ್ನು ಕಂಡು, ‘ಎಲ್ಲರೂ ನಿಮ್ಮ ಹಾಗೆ ಇದ್ದರೆ ಎಷ್ಟು ಚೆನ್ನ ಸಾರ್’ ಎಂದು ನನ್ನ ಹೆಸರು ಬರೆದುಕೊಂಡು ಹೋದಳು. ನಾನು ಮಾಡಿದ ಏಕೈಕ ಸಮಾಜಸೇವೆ ಹೀಗೆ ಸರ್ಕಾರಿ ಕಡತ ಸೇರಿದೆ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಜೋಡಿ, ಒಂದು ಮಧ್ಯಾಹ್ನ: ಮೊಟ್ಟೆ ಇನ್ನೂರು ಮುನ್ನೂರಾಗಬಹುದು. ಗಾಳಿ ಉಸಿರಾಡುವ ಆ ಅವಯವ ಮರಿಗೆ ಬಲಿಯುವುದು ಕೆಲವು ವಾರ ಕಳೆದ ಮೇಲೆ; ಅಲ್ಲಿಯವರೆಗೆ ನೀರಿನ ಮೇಲಿನ ಗಾಳಿಯೂ ಬೆಚ್ಚಗಿರಲೆಂದು ತೊಟ್ಟಿಗೆ ಗಾಜು ಮುಚ್ಚಿ ಕಾಯಬೇಕು. ಕಾದರೆ ಬಹಳಷ್ಟು ಬದುಕುತ್ತವೆ. ಹೆಣ್ಣುಗಳು ಹೇಗೋ ಒಟ್ಟಿಗೆ ಇರುತ್ತವೆ. ಗಂಡುಗಳು ಎರಡು ಮೂರು ತಿಂಗಳಿಗೆ ಪರಸ್ಪರ ರೆಕ್ಕೆ ಹರಿಯತೊಡಗುತ್ತವೆ. ಆಗ ಒಂದೊಂದಕ್ಕೆ ಒಂದೊಂದು ಮನೆ. ಇದೆಲ್ಲ ಪುಸ್ತಕದಲ್ಲಿ ಓದಿದ್ದೆನಾದ್ದರಿಂದ, ಮೊದಲ ಜೋಡಿ ಬಿಡುವ ಮುಂಚೆ ಮೂರು ತಿಂಗಳು ಹಾರ್ಲಿಕ್ಸ್ ಸೀಸೆ, ಉಪ್ಪಿನಕಾಯಿ ಭರಣಿ, ಮಿಠಾಯಿ ಅಂಗಡಿಯ ಜಾಡಿ ಕೂಡಿಹಾಕಿದೆ. ಬಂಧುಗಳ ಮನೆಗೆ ಹೋದರೆ ಅವರ ಯೋಗಕ್ಷೇಮಕ್ಕಿಂತ ಮೊದಲು ಅವರ ಅಟ್ಟ ವಿಚಾರಿಸುತ್ತಿದ್ದೆ. ಆ ವರ್ಷ ಗಂಡು ಅರವತ್ತಮೂರು. ದಿನಕ್ಕೆ ಇಪ್ಪತ್ತೊಂದು ಸೀಸೆಯ ನೀರು ಬದಲಿಸಿದರೆ ಮೂರು ದಿನಕ್ಕೆ ಒಂದು ಸುತ್ತು. ಬೆಳಗಿನ ಜಾವ ಐದಕ್ಕೆ ಎದ್ದರೆ ಏಳೂವರೆಗೆ ಬೆನ್ನು ನೆಟ್ಟಗಾಗುತ್ತಿತ್ತು.

ಬಲ್ಲವರು ಇದಕ್ಕೆ ಸುಲಭದ ದಾರಿ ಹೇಳುತ್ತಾರೆ: ಬಣ್ಣ ಕೂಡದ್ದು, ಬೆನ್ನು ಡೊಂಕಾದದ್ದು, ಎಲ್ಲವನ್ನೂ ಮೊದಲೇ ಆರಿಸಿ ದೊಡ್ಡ ಮೀನಿನ ತೊಟ್ಟಿಗೆ ಹಾಕಿಬಿಡಿ. ಮನುವಿನ ಕೈಗೆ ಬಂದ ಮೀನು ಯಾವುದಕ್ಕೆ ಅಂಜಿತ್ತೋ ಅದೇ. ಹೊಟ್ಟೆಪಾಡಿಗೆ ಮರಿ ಮಾಡಿಸುವವರು ಹಾಗೆ ಮಾಡಿದರೆ ನಾನು ತೆಗಳಲಾರೆ. ಅವರ ಸೀಸೆಗೆ ಬಾಡಿಗೆ ಉಂಟು. ನನ್ನದು ಶೋಕಿ. ನನ್ನ ಶೋಕಿಗಾಗಿ ಹುಟ್ಟಿದ್ದಕ್ಕೆ ಬೆನ್ನು ಡೊಂಕೆಂದು ನಾನೇ ತೀರ್ಪು ಕೊಡುವುದು ಏಕೋ ಒಗ್ಗಲಿಲ್ಲ.

ಇನ್ನೊಬ್ಬರು, ಧರ್ಮಭೀರುಗಳು, ‘ಕೆರೆಗೆ ಬಿಡಿ, ಪುಣ್ಯ ಬರುತ್ತದೆ’ ಎಂದರು. ಇದು ಪುಣ್ಯವಲ್ಲ. ಸಾಕಿದ ಮೀನು ಅಲ್ಲಿ ಸತ್ತರೆ ಅದಕ್ಕೆ ಕೇಡು, ಬದುಕಿದರೆ ಕೆರೆಗೆ ಕೇಡು. ತೊಟ್ಟಿಯ ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಗೇಣು ಮೀರಿ ಬೆಳೆದಾಗ ಜನ ಹೀಗೆಯೇ ಪುಣ್ಯ ಮಾಡಿದರು. ಇಂದು ದಕ್ಷಿಣ ಭಾರತದ ಎಷ್ಟೋ ಕೆರೆ ಕಾಲುವೆಗಳಲ್ಲಿ ಅದು ಏರಿಯನ್ನು ಕೊರೆದು ಬಿಲ ಮಾಡಿ, ಬೆಸ್ತರ ಬಲೆ ಹರಿಯುತ್ತಿದೆ. ಶೃಂಗೇರಿಯ ತುಂಗೆಯಲ್ಲಿ ಬಿಡಿ, ಅಲ್ಲಿ ಮೀನು ಹಿಡಿಯುವವರಿಲ್ಲ ಎಂದರು ಮತ್ತೊಬ್ಬರು. ಹಿಡಿಯುವವರಿಲ್ಲ, ಸರಿ. ತೊಡೆಗಾತ್ರದ ಆ ದೇವರಮೀನುಗಳು ನನ್ನ ಅರವತ್ತಮೂರನ್ನು ಪುರಿಯೆಂದೇ ಭಾವಿಸಿಯಾವು.

ಉಳಿದದ್ದು ದಾನ. ಹೆಣ್ಣಿದ್ದಿದ್ದರೆ ಕನ್ಯಾದಾನವೆನ್ನಬಹುದಿತ್ತು, ನಾನು ಮಾಡಿದ್ದು ವರದಾನ. ಬಂದವರನ್ನು ಬೀಗರನ್ನು ವಿಚಾರಿಸುವಂತೆ ವಿಚಾರಿಸಿದೆ. ಪಾತ್ರೆ ಎಷ್ಟು ದೊಡ್ಡದು? ನೀರು ಬದಲಿಸುವವರು ಯಾರು? ರಜಕ್ಕೆ ಊರಿಗೆ ಹೋದರೆ ಯಾರ ವಶ? ಕೆಲವರು ನಕ್ಕರು, ಕೆಲವರು ಅಲ್ಲಿಂದಲೇ ಹಿಂತಿರುಗಿದರು.

ಒಂದು ಸಂಜೆ ಚುರುಕಾದ ಒಬ್ಬ ತರುಣ ಬಂದ. ಹತ್ತು ಗಂಡು ಬೇಕು, ನಾನು ಕೇಳಿದ್ದು ಕೊಡುತ್ತೇನೆ ಎಂದ. ದಾನವಪ್ಪ, ದುಡ್ಡಿಲ್ಲ ಎಂದೆ. ಸೀಸೆಗಳ ಮುಂದೆ ಕುಳಿತು, ಎರಡು ಸೀಸೆಗಳ ನಡುವೆ ಇಟ್ಟಿದ್ದ ರಟ್ಟನ್ನು ಎತ್ತಿ ನೋಡಿ, ‘ಇದರಲ್ಲಿ ಹಿಂದೆ ಸರಿಯದ್ದು ಯಾವುದು ಸಾರ್?’ ಎಂದು ಕೇಳಿದ. ಆಗ ತಿಳಿಯಿತು. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಕಾನೂನಿನಂತೆ ಅಪರಾಧವೆಂದು ಹೇಳಿದೆ. ಅವನು ಬೆದರಲಿಲ್ಲ, ಒರಟಾಗಿಯೂ ಮಾತನಾಡಲಿಲ್ಲ. ‘ಅದರ ಜಾತಿಯೇ ಕಾಳಗದ್ದಲ್ವಾ ಸಾರ್? ನೀವು ಸಾಯೋತನಕ ಸೀಸೆಯಲ್ಲಿ ಕೂಡಿಹಾಕ್ತೀರಿ. ನಾನು ಹತ್ತು ನಿಮಿಷವಾದರೂ ಅದು ಏನೋ ಅದಾಗಿರೋಕೆ ಬಿಡ್ತೀನಿ’ ಎಂದ. ಮೀನು ಕೊಡದೆ ಕಳುಹಿಸಿದೆ. ಮಾತು ಮಾತ್ರ ಮನೆಯಲ್ಲೇ ಉಳಿಯಿತು.

ಉತ್ತರ ಇಲ್ಲದಿಲ್ಲ. ಗದ್ದೆಯಲ್ಲಿ ಎರಡು ಗಂಡು ಎದುರಾದರೆ ಕೆಲವೇ ನಿಮಿಷದಲ್ಲಿ ಒಂದು ಸೋತು ಹುಲ್ಲಿನ ಮರೆಗೆ ಹೋಗುತ್ತದೆ; ಗೆದ್ದದ್ದು ಅಟ್ಟಿಸಿಕೊಂಡು ಹೋಗಿ ಕೊಲ್ಲುವುದಿಲ್ಲ. ಓಡಿಹೋಗಲು ಜಾಗವಿಲ್ಲದಂತೆ ಮಾಡಿದವನು, ಹಿಂದೆ ಸರಿಯದ್ದನ್ನೇ ಆರಿಸಿ ಆರಿಸಿ ತಳಿ ಬೆಳೆಸಿದವನು ಮನುಷ್ಯ. ಆದ್ದರಿಂದ ‘ಅದು ಏನೋ ಅದು’ ಎನ್ನುವುದರಲ್ಲಿ ಅರ್ಧ ನಾವೇ. ಇಷ್ಟೆಲ್ಲ ಹೊಳೆದದ್ದು ಅವನು ಹೋದ ಎರಡು ದಿನದ ಮೇಲೆ. ಅವನ ಮಾತಿನ ಇನ್ನರ್ಧಕ್ಕೆ, ಸೀಸೆಯ ಮಾತಿಗೆ, ನನ್ನಲ್ಲಿದ್ದ ಉತ್ತರ ಬಡಗಿಯನ್ನು ಕರೆಸುವುದೊಂದೇ. ಇಡೀ ಗೋಡೆಗೆ ಹಲಗೆ ಹೊಡೆಸಿ, ಉಳಿದುಕೊಂಡವಕ್ಕೆಲ್ಲ ಸೀಸೆಯ ಬದಲು ಐದೈದು ಲೀಟರಿನ ಡಬ್ಬಿ, ಒಂದೊಂದರಲ್ಲೂ ಒಂದಿಷ್ಟು ಗಿಡ ಇಟ್ಟೆ. ಇದೂ ಸೆರೆಮನೆಯೇ, ಕೋಣೆ ಸ್ವಲ್ಪ ದೊಡ್ಡದು. ಎರಡು ಮೂರು ವರ್ಷ ಅವುಗಳ ಆಯುಸ್ಸು. ಕೊನೆಯದು ತೀರಿಕೊಳ್ಳುವವರೆಗೆ ಇನ್ನೊಂದು ಜೋಡಿ ಬಿಡಲಿಲ್ಲ. ಆಮೇಲೆ ಅದೇ ಮನೆಯ ನಿಯಮವಾಯಿತು: ಡಬ್ಬಿ ಎಷ್ಟು ಖಾಲಿ, ಒಯ್ಯುವವರು ಎಷ್ಟು ಮಂದಿ ಎಂದು ಬರೆದು ಕೂಡಿಸಿ, ಆನಂತರವೇ ಮುಹೂರ್ತ.

ಈ ವರ್ಷ ಒಂದು ಕಡುನೀಲಿ ಗಂಡಿದೆ. ಹೆಣ್ಣನ್ನು ಕಾಣದೆಯೂ ವಾರದಿಂದ ಗೂಡು ಕಟ್ಟುತ್ತಿದೆ; ಫೈಟರ್ ಗಂಡಿನ ಸ್ವಭಾವವೇ ಹಾಗೆ. ನಾನು ನೀರು ಬದಲಿಸುವಾಗ ಗೂಡು ಒಡೆಯುತ್ತದೆ, ಸಂಜೆಗೆ ಮತ್ತೆ ಎದ್ದಿರುತ್ತದೆ. ನಿನ್ನೆ ನೋಡುತ್ತ ನಿಂತಿದ್ದಾಗ ನನ್ನಾಕೆ ಲಾಂದ್ರದ ಗಾಜನ್ನು ಒರೆಸಿ ತಂದು ಮೇಜಿನ ಮೇಲಿಟ್ಟಳು.

‘ಡಬ್ಬಿ ಎಷ್ಟು ಖಾಲಿ ಇವೆ?’

‘ಹದಿನೇಳು.’

‘ತಗೊಂಡು ಹೋಗುವವರು?’

‘ಇಬ್ಬರು.’

ಅವಳು ತೊಟ್ಟಿಯ ಮುಂದೆ ಸ್ವಲ್ಪ ಬಗ್ಗಿ ನೋಡಿದಳು. ಆಮೇಲೆ ಗಾಜನ್ನು ಎತ್ತಿಕೊಂಡು ಒಳಗೆ ಹೋದಳು.