ನೆಗಡಿಯೊಡನೆ ಅಗಸೂರಿನಿಂದ ಅಂಕೋಲೆಗೆ

ಅಗಸೂರು, ಅಂಕೋಲಾ ತಾಲೂಕು
18 ಜುಲೈ 2025, ಶುಕ್ರವಾರ, ರಾತ್ರಿ 11 ಗಂಟೆ

ತೀರ್ಥರೂಪ ಅವ್ವನವರ ಪಾದಗಳಿಗೆ ಮಗನ ಸಾಷ್ಟಾಂಗ ನಮಸ್ಕಾರಗಳು.

ಮಳೆಗಾಲದಲ್ಲಿ ಸೈಕಲ್ ತುಳಿಯುವವನಿಗೆ ಬರುವ ನೆಗಡಿಗೆ ತೊಯ್ದ ಕಾಲುಗಳೇ ಕಾರಣವೆಂದೂ, ನೆಗಡಿ ಬಂದ ಮೇಲೂ ಸೈಕಲ್ ಬಿಡದಿದ್ದರೆ ಅದು ಎದೆಗೆ ಇಳಿಯುತ್ತದೆಂದೂ ಅವ್ವನವರು ಫೋನಿನಲ್ಲಿ ಹೇಳಿದ ಎರಡು ಮಾತುಗಳಲ್ಲಿ ಎಷ್ಟು ನಿಜವಿದೆ ಎಂಬುದನ್ನು, ಮಳೆ ಹಿಡಿದಾಗಲೆಲ್ಲ ಮಾತು ಅರ್ಧಕ್ಕೇ ಕಡಿದುಹೋಗುವ ಕಾರಣ, ಸಾವಕಾಶವಾಗಿ ಬರೆದು ತಿಳಿಸುವುದೇ ಈ ಪತ್ರದ ಉದ್ದೇಶ. ಮೊದಲಿಗೆ ತಿಳಿಸಬೇಕಾದದ್ದೆಂದರೆ, ಮಗನಿಗೆ ಬಂದಿದ್ದ ಜ್ವರ ನಿನ್ನೆ ಸಂಜೆಗೆ ಇಳಿದಿದೆ, ಮತ್ತೆ ಏರಿಲ್ಲ; ಸೈಕಲ್ ಈಗ ಜಗುಲಿಯ ಗೋಡೆಗೆ ಒರಗಿದೆ, ಸೋಮವಾರದವರೆಗೆ ಅಲ್ಲಿಂದ ಇಳಿಯುವುದಿಲ್ಲ.

ಅವ್ವನವರ ಮನಸ್ಸಿನಲ್ಲಿರುವ ಇನ್ನೊಂದು ಹೆದರಿಕೆಗೂ ಇಲ್ಲಿಯೇ ಉತ್ತರ ಹೇಳುವುದು ಒಳ್ಳೆಯದು. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಇದೇ ಅಂಕೋಲಾ ತಾಲೂಕಿನದು ಎಂಬುದು ನಿಜ. ಆದರೆ ಅದು ಅಂಕೋಲೆಯಿಂದ ದಕ್ಷಿಣಕ್ಕೆ ಕುಮಟೆಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. ಮಗ ಅಗಸೂರಿನಿಂದ ಅಂಕೋಲೆಗೆ ಕೆಲಸಕ್ಕೆ ದಿನವೂ ಹೋಗಿಬರುವುದು ಪೂರ್ವದ ಹುಬ್ಬಳ್ಳಿ ರಸ್ತೆಯಲ್ಲಿ, ಅಂದರೆ ಪಂಜಾಬಿನ ಸಂಗ್ರೂರಿನಿಂದ ಹೊರಟು ಹುಬ್ಬಳ್ಳಿಯನ್ನು ಹಾಯ್ದು ಅಂಕೋಲೆಯಲ್ಲಿ ಮುಗಿಯುವ ಹೆದ್ದಾರಿ 52ರಲ್ಲಿ. ಮೊನ್ನೆ ಬುಧವಾರ ಆ ದುರಂತಕ್ಕೆ ವರ್ಷ ತುಂಬಿತು. ಮಣ್ಣಿನೊಡನೆ ಗಂಗಾವಳಿ ನದಿಗೆ ಬಿದ್ದ ಲಾರಿಯನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿದದ್ದನ್ನು ಈ ಕಡೆಯ ಜನ ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ. ಆ ಗಂಗಾವಳಿಯ ಒಂದು ಮೂಲ ಧಾರವಾಡದ ಸೋಮೇಶ್ವರ ಗುಡಿಯ ಶಾಲ್ಮಲೆಯೇ ಆಗಿದ್ದು, ಕಲಘಟಗಿಯ ಕಡೆ ಬೇಡ್ತಿಯನ್ನು ಕೂಡಿಕೊಂಡು ಸುಮಾರು 150 ಕಿಲೋಮೀಟರ್ ಹರಿದು ಈ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಸೋಮವಾರಕ್ಕೊಮ್ಮೆ ಅವ್ವನವರು ದರ್ಶನಕ್ಕೆ ಹೋಗುವ ಗುಡಿಯ ನೀರು ಮಗ ಇರುವ ತಾಲೂಕಿಗೇ ಬಂದು ಮುಟ್ಟುತ್ತದೆ ಎಂಬುದು ದೂರವಿರುವವರಿಗೆ ಸಣ್ಣ ಸಮಾಧಾನವಲ್ಲ.

ಇನ್ನು ನೆಗಡಿಯ ವಿಷಯ. ಇಲ್ಲಿಯ ಜನ ಶೀತ ಅಥವಾ ಥಂಡಿ ಎಂದು ಕರೆಯುವ ಈ ಕಾಯಿಲೆಯನ್ನು ಬಹುಪಾಲು ಉಂಟುಮಾಡುವುದು ರೈನೋವೈರಸ್, ಅಂದರೆ ಮೂಗಿನಲ್ಲಿ ಬೆಳೆಯುವ ಸೂಕ್ಷ್ಮ ವೈರಾಣು. ಇದರಲ್ಲಿ 160ಕ್ಕೂ ಹೆಚ್ಚು ಬಗೆಗಳಿರುವುದರಿಂದ ಒಂದು ಬಗೆಗೆ ದೇಹ ಪಳಗಿದರೂ ಮತ್ತೊಂದು ಬಗೆ ಬಂದು ಹಿಡಿಯುತ್ತದೆ. ದೇಹದ ಒಳಗಿನ ಬಿಸಿಗಿಂತ ತುಸು ತಂಪಾಗಿರುವ ಮೂಗಿನ ಒಳಪದರ ಅದಕ್ಕೆ ಒಗ್ಗುತ್ತದೆ, ಒಬ್ಬರಿಂದ ಒಬ್ಬರಿಗೆ ಸೀನು ಮತ್ತು ಕೈಗಳ ಮೂಲಕ ದಾಟುತ್ತದೆ. ಹಾಗಾಗಿ ವೈರಾಣು ಇಲ್ಲದ ಕಡೆ ಎಷ್ಟು ತೊಯ್ದರೂ ನೆಗಡಿ ಬರಲಾರದು. ಮಗನಿಗೆ ಇದು ಬಂದದ್ದು, ಕಳೆದ ವಾರವೆಲ್ಲ ಒಂದೇ ಮೇಜಿನಲ್ಲಿ ಕುಳಿತು ಲೆಕ್ಕದ ಪುಸ್ತಕಗಳನ್ನು ಕೈಯಿಂದ ಕೈಗೆ ಸಾಗಿಸುತ್ತ ಸೀನುತ್ತಿದ್ದ ಸಹೋದ್ಯೋಗಿಯಿಂದ ಎಂದೇ ಹೇಳಬೇಕು.

ಆದರೆ ಅವ್ವನವರ ಮಾತನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ವೇಲ್ಸ್ ದೇಶದ ಕಾರ್ಡಿಫ್ ವಿಶ್ವವಿದ್ಯಾಲಯದ ನೆಗಡಿ ಸಂಶೋಧನಾ ಕೇಂದ್ರದವರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 90 ಜನ ತಣ್ಣೀರಿನಲ್ಲಿ 20 ನಿಮಿಷ ಕಾಲಿಟ್ಟು ಕುಳಿತರು, ಇನ್ನು 90 ಜನ ಖಾಲಿ ಪಾತ್ರೆಯಲ್ಲಿ ಕಾಲಿಟ್ಟು ಕುಳಿತರು. ಮುಂದಿನ ನಾಲ್ಕೈದು ದಿನಗಳಲ್ಲಿ ನೆಗಡಿಯಾಯಿತೆಂದು ಹೇಳಿದವರು ಮೊದಲ ಗುಂಪಿನಲ್ಲಿ 13, ಎರಡನೆಯದರಲ್ಲಿ 5. ಕಾಲು ತಣ್ಣಗಾದಾಗ ಮೂಗಿನ ರಕ್ತನಾಳಗಳೂ ಸಂಕುಚಿತವಾಗಿ ಅಲ್ಲಿಯ ರಕ್ಷಣೆ ಕುಗ್ಗುತ್ತದೆ, ಆಗಲೇ ಒಳಗೆ ಸದ್ದಿಲ್ಲದೆ ಇದ್ದ ವೈರಾಣು ತಲೆಯೆತ್ತುತ್ತದೆ ಎಂಬುದು ಆ ಸಂಶೋಧಕರ ಊಹೆ. ಇದಕ್ಕೆ ವಿರುದ್ಧವಾದ ಫಲಿತಾಂಶ ಕೊಟ್ಟ ಹಳೆಯ ಪ್ರಯೋಗಗಳೂ ಇರುವುದರಿಂದ ಇದನ್ನು ಕೊನೆಯ ಮಾತೆನ್ನಲಾಗದು. ಆದರೂ ಶಾಲೆಯ ದಿನಗಳಲ್ಲಿ ಮನೆಯ ಬಾಗಿಲಲ್ಲೇ ಮಕ್ಕಳ ಕಾಲು ಒರೆಸುತ್ತಿದ್ದ ಕೈಗಳಿಗೆ ತಿಳಿದಿದ್ದ ಒಂದು ಸಂಗತಿ ಕಾರ್ಡಿಫ್‌ನಲ್ಲಿ ಲೆಕ್ಕಕ್ಕೆ ಸಿಕ್ಕಿತೆಂದು ಮಗ ಮನಃಪೂರ್ವಕ ಒಪ್ಪುತ್ತಾನೆ. ಈಗ ಚೀಲದಲ್ಲಿ ಒಣ ಕಾಲುಚೀಲದ ಎರಡು ಜೊತೆ ಇರುತ್ತವೆ.

ಎರಡನೆಯ ಮಾತು, ನೆಗಡಿಯಲ್ಲಿ ಸೈಕಲ್ ತುಳಿಯುವುದು. ಕ್ರೀಡಾ ವೈದ್ಯರಲ್ಲಿ ಕುತ್ತಿಗೆಯ ಲೆಕ್ಕ ಎಂಬ ಒಂದು ಸರಳ ರೂಢಿಯಿದೆ: ಮೂಗು ಸೋರುವುದು, ಸೀನು, ಗಂಟಲ ಕೆರೆತ ಮುಂತಾಗಿ ತೊಂದರೆಯೆಲ್ಲ ಕುತ್ತಿಗೆಯ ಮೇಲಿದ್ದರೆ ಹದವಾದ ವ್ಯಾಯಾಮಕ್ಕೆ ಅಡ್ಡಿಯಿಲ್ಲ, ಎದೆಯ ಕೆಮ್ಮು, ಮೈಕೈ ನೋವು, ಜ್ವರ ಬಂದರೆ ಮಲಗಬೇಕು, ಏಕೆಂದರೆ ಜ್ವರದ ಮೈಯಲ್ಲಿ ದಣಿದರೆ ಅಪರೂಪಕ್ಕಾದರೂ ಹೃದಯದ ಸ್ನಾಯುವಿಗೇ ಉರಿಯೂತ ಬರುವ ಅಪಾಯವಿದೆ. ಅಮೆರಿಕದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 50 ಜನರಿಗೆ ಬೇಕೆಂದೇ ರೈನೋವೈರಸ್ ತಗಲಿಸಿ, ಕೆಲವರಿಂದ ಹದವಾದ ವ್ಯಾಯಾಮ ಮಾಡಿಸಿ, ಉಳಿದವರನ್ನು ಸುಮ್ಮನಿರಿಸಿ ನೋಡಿದಾಗ ನೆಗಡಿಯ ತೀವ್ರತೆಯಲ್ಲಾಗಲಿ ಅವಧಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲವೆಂದು 1998ರಲ್ಲಿ ಪ್ರಕಟವಾಯಿತು. ಮಂಗಳವಾರ ಬೆಳಿಗ್ಗೆ ಎರಡೂ ಹೊಳ್ಳೆ ಕಟ್ಟಿದ್ದ ಮಗ ಇದನ್ನೇ ನಂಬಿ ನಿಧಾನವಾಗಿ ಹೊರಟಾಗ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೂಗು ತಾನಾಗಿ ಬಿಟ್ಟುಕೊಂಡಿತು. ಮೈ ದುಡಿಯುವಾಗ ನರಗಳ ಆಜ್ಞೆಯಿಂದ ಮೂಗಿನ ಊದಿದ ರಕ್ತನಾಳಗಳು ಕುಗ್ಗುವುದೇ ಇದಕ್ಕೆ ಕಾರಣ, ಸೈಕಲ್ಲಿನಿಂದ ಇಳಿದು ಕುಳಿತ ಮೇಲೆ ಅದು ಮತ್ತೆ ಕಟ್ಟುತ್ತದೆ.

ನಿಜವಾದ ತೊಂದರೆ ಬಂದದ್ದು ಗುಳಿಗೆಯಿಂದ. ಮಂಗಳವಾರ ರಾತ್ರಿ ಔಷಧ ಅಂಗಡಿಯೊಂದರಲ್ಲಿ ಇದರಿಂದ ನಿದ್ದೆ ಬರುವುದಿಲ್ಲವೆಂದು ಹೇಳಿ ಕೊಟ್ಟ ಗುಳಿಗೆಯಲ್ಲಿ ಕ್ಲೋರ್ಫೆನಿರಮೈನ್ ಇತ್ತು. ಇದು ಮೂಗಿನ ಸೋರಿಕೆಯನ್ನು ತಡೆಯುವ ಹಳೆಯ ಔಷಧ, ಮಿದುಳನ್ನೂ ಮುಟ್ಟುವುದರಿಂದ ಮಂಪರು ತರುತ್ತದೆ. ಬುಧವಾರ ಬೆಳಗಾದರೂ ಆ ಮಂಪರು ಇಳಿದಿರಲಿಲ್ಲ. ಒಂದು ಕೈ ಹ್ಯಾಂಡಲ್ ಬಿಟ್ಟು ಮೂಗು ಒರೆಸಬೇಕು, ಮಳೆಯಲ್ಲಿ ಬ್ರೇಕ್ ಹಿಡಿಯುವುದು ತಡ, ಹಿಂದಿನಿಂದ ಬರುವ ಲಾರಿಗಳು ಕೆಸರು ನೀರನ್ನು ಮುಖದ ಎತ್ತರಕ್ಕೆ ಚಿಮ್ಮಿಸುತ್ತವೆ, ಇವೆಲ್ಲದರ ನಡುವೆ ಹೊಂಡವೊಂದು ಕಣ್ಣಿಗೆ ಬಿದ್ದೂ ತಲೆಗೆ ತಟ್ಟಲು ತಡವಾದ ಒಂದು ಕ್ಷಣವಿತ್ತು. ಬೀಳಲಿಲ್ಲ. ಅಂದು ಮಗ ಹೆದರಿದ್ದು ನೆಗಡಿಗಲ್ಲ, ಆ ಕ್ಷಣಕ್ಕೆ. ಇನ್ನು ಮುಂದೆ ಇಂಥ ಗುಳಿಗೆ ತೆಗೆದುಕೊಂಡ ಮರುದಿನ ಸೈಕಲ್ ಮುಟ್ಟುವುದಿಲ್ಲ, ಇದು ಅವ್ವನವರಿಗೆ ಕೊಟ್ಟ ಮಾತು.

ಅದೇ ಸಂಜೆ ಮರಳುವಾಗ ಮೈ ನಡುಗತೊಡಗಿ, ಕುತ್ತಿಗೆಯ ಲೆಕ್ಕದ ಪ್ರಕಾರ ಇಳಿಯಲೇಬೇಕಾಗಿ ಬಂದು, ರಸ್ತೆಯ ಬದಿಯ ಒಂದು ಚಿಕ್ಕ ಚಹದಂಗಡಿಯ ಮಾಡಿನ ಕೆಳಗೆ ಮಗ ಸೈಕಲ್ ಹಿಡಿದು ನಿಂತಾಗ, ಅಂಗಡಿಯ ಹೆಂಗಸು ಏನೂ ಕೇಳದೆ ಬೆಂಚಿನ ಮೇಲೆ ಕೂರಿಸಿದರು. ವಯಸ್ಸು ಅವ್ವನವರಷ್ಟೇ ಇರಬಹುದು. ಕೊರಳ ತುಂಬ ಕರಿಮಣಿ ಸರಗಳಿದ್ದವು, ಹಾಲಕ್ಕಿ ಒಕ್ಕಲಿನವರು. ಚಹ ಕೇಳಿದರೆ ಚಹ ಕೊಡಲಿಲ್ಲ, ಕಷಾಯ ಕೊಟ್ಟರು. ಈ ಜಿಲ್ಲೆಯಲ್ಲಿ ಕಷಾಯವೆಂದರೆ ಬರಿಯ ಔಷಧವಲ್ಲ, ಹೋಟೆಲುಗಳಲ್ಲಿ ಚಹಕ್ಕೆ ಬದಲಾಗಿ ಕುಡಿಯುವ ಪಾನೀಯ. ಕೊತ್ತಂಬರಿ, ಜೀರಿಗೆ, ಕಾಳುಮೆಣಸುಗಳನ್ನು ಹುರಿದು ಮಾಡಿದ ಪುಡಿಯನ್ನು ಬೆಲ್ಲದೊಡನೆ ಕುದಿಸಿ ಹಾಲು ಬೆರೆಸುತ್ತಾರೆ. ಅವರು ಹಾಲು ಬಿಟ್ಟು ಶುಂಠಿ ಜಜ್ಜಿ ಹಾಕಿದರು. ಅಷ್ಟರಲ್ಲಿ ತೊಯ್ದ ಕಾಲುಚೀಲಗಳು ಒಲೆಯ ಹತ್ತಿರದ ಹಗ್ಗದ ಮೇಲಿದ್ದವು. ಆಮೇಲೆ ಮೀನು ತಿನ್ನುವ ರೂಢಿಯಿದೆಯೇ ಎಂದು ಕೇಳಿ, ಇಲ್ಲವೆಂದ ಮೇಲೆ ಒಣಮೀನಿನ ತಟ್ಟೆಯನ್ನು ಒಳಗಿಟ್ಟು ಬಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಈ ದಿನಗಳಲ್ಲಿ ಗಂಜಿಯ ಜೊತೆಗೆ ಇಲ್ಲಿಯವರಿಗೆ ಒಣಮೀನೇ ಆಸರೆ. ಮಗನ ಮುಂದೆ ಬಂದದ್ದು ಕುಚಲಕ್ಕಿಯ ಬಿಸಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಒಂದು ಚಮಚೆ ಕೊಬ್ಬರಿ ಎಣ್ಣೆ. ರುಚಿಯೇ ಸತ್ತ ನಾಲಗೆಗೆ ಉಪ್ಪು ಮೊದಲು ತಿಳಿಯಿತು, ಆಮೇಲೆ ಹುಳಿ, ಕೊನೆಗೆ ಅನ್ನದ ಸಿಹಿ. ದುಡ್ಡು ತೆಗೆದರೆ ಕಷಾಯದ್ದಷ್ಟೇ ತೆಗೆದುಕೊಂಡು, ಗಂಜಿ ಮನೆಯದು, ಮಾರುವುದಲ್ಲ ಎಂದರು. ತರಕಾರಿ ಇಳಿಸಿ ಮರಳುತ್ತಿದ್ದ ಟೆಂಪೋ ಒಂದನ್ನು ಕೈಯೆತ್ತಿ ನಿಲ್ಲಿಸಿ ಸೈಕಲ್ ಏರಿಸಿ, ಹಿತ್ತಲಿನ ದೊಡ್ಡಪತ್ರೆಯ ಎಲೆಗಳನ್ನು ಬಾಳೆಯಲ್ಲಿ ಕಟ್ಟಿ ಕೊಟ್ಟರು. ಆ ಕಟ್ಟು ಇನ್ನೂ ಈ ಮೇಜಿನ ಮೇಲಿದೆ, ವಾಸನೆ ಹೋಗಿಲ್ಲ.

ಅವ್ವನವರು 2021ರ ನವೆಂಬರಿನಲ್ಲಿ ಟಿ.ವಿ.ಯಲ್ಲಿ ಕಂಡು ಕಣ್ಣೊರೆಸಿಕೊಂಡ, ಬರಿಗಾಲಲ್ಲಿ ನಡೆದು ಪದ್ಮಶ್ರೀ ಸ್ವೀಕರಿಸಿದ ತುಳಸಿ ಗೌಡರೂ ಆ ಹೆಂಗಸಿನಂತೆ ಹಾಲಕ್ಕಿ ಸಮುದಾಯದವರು, ಇದೇ ತಾಲೂಕಿನ ಹೊನ್ನಳ್ಳಿಯವರು. ಅರಣ್ಯ ಇಲಾಖೆಯಲ್ಲಿ ದಿನಗೂಲಿಯಿಂದ ಆರಂಭಿಸಿ, ಅಗಸೂರಿನ ಸಸಿಮಡಿಗಳಿಗೂ ಬೀಜ ಸಿದ್ಧಪಡಿಸಿದ ಅವರು 2024ರ ಡಿಸೆಂಬರ್ 16ರಂದು ತೀರಿಕೊಂಡರು. ಯಾವ ತಾಯಿಮರದಿಂದ ಯಾವ ಹೊತ್ತಿಗೆ ಬೀಜ ತೆಗೆಯಬೇಕೆಂಬ ಅವರ ತಿಳಿವಳಿಕೆ ಓದಿನಿಂದ ಬಂದದ್ದಲ್ಲ. ಒಲೆಯ ಮುಂದೆ ಕೂತವನ ಮುಖ ನೋಡಿಯೇ ಹಾಲು ಬೇಡ, ಶುಂಠಿ ಬೇಕು ಎಂದ ಆ ಹೆಂಗಸಿನದೂ ಓದಿನಿಂದ ಬಂದಂತೆ ಕಾಣಲಿಲ್ಲ.

ಗುರುವಾರ ನೋಡಿದ ವೈದ್ಯರು ವಿಶ್ರಾಂತಿ ಹೇಳಿ ಪ್ಯಾರಸಿಟಮಾಲ್ ಮಾತ್ರ ಕೊಟ್ಟರು. ಜ್ವರ ಮೂರು ದಿನ ದಾಟಿದರೆ ಡೆಂಗಿ ಮತ್ತು ಇಲಿಜ್ವರದ ಪರೀಕ್ಷೆ ಮಾಡಿಸಬೇಕೆಂದಿದ್ದರು, ಅದು ಬೇಕಾಗಲಿಲ್ಲ. ಅವ್ವನವರು ಕೇಳಿದ್ದ ಕರಿ ಇಶಾಡ ಮಾವಿನ ಕಾಲ ಮುಗಿದಿದೆ. ಮುರುಗಲ ಸಿಪ್ಪೆ ಒಂದು ಕಿಲೋ ಕೊಂಡಿಟ್ಟಾಗಿದೆ. ಅಪ್ಪನವರ ರಕ್ತದೊತ್ತಡದ ಗುಳಿಗೆ ಈ ತಿಂಗಳ 22ಕ್ಕೆ ಮುಗಿಯುತ್ತದೆ, ತಂಗಿ ಮರೆಯದೆ ತರಬೇಕು. ಹಿಂದಿನ ಕೋಣೆಯ ಹಂಚು ಸೋರುವುದು ನಿಂತಿತೋ ಇಲ್ಲವೋ ತಿಳಿಸಬೇಕು, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜನ ಕಾಗದಪತ್ರಗಳಿವೆ, ಅವು ನೆನೆದರೆ ಮತ್ತೆ ಸಿಗುವಂಥವಲ್ಲ, ಅದನ್ನು ಕೆಳಗಿಳಿಸುವಾಗ ಅಪ್ಪನವರು ಏಣಿ ಹತ್ತದಂತೆ ನೋಡಿಕೊಂಡು, ಪಕ್ಕದ ಮನೆಯ ಹುಡುಗನನ್ನು ಕರೆಯಬೇಕು.